ಗ್ಯಾಸ್ ಗೀಜರ್ ಹೊತ್ತುತ್ತಿಲ್ಲವೇ? ಸದ್ದು ಕೇಳಿ ದೋಷ ಹಿಡಿಯಿರಿ

ನೀರು ತುಂಬುವ ಹಬ್ಬ ಬಂತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮನೆಗಳಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದ ಗ್ಯಾಸ್ ಗೀಜರ್‌ಗಳಿಗೆ ಕೆಲಸ ಬೀಳುತ್ತದೆ. ತಕರಾರೂ ಆಗಲೇ ಶುರು. ನಳ ತಿರುವಿದರೆ ಹೊತ್ತುವುದಿಲ್ಲ, ಹೊತ್ತಿದ್ದು ನಿಲ್ಲುವುದಿಲ್ಲ, ನಿಂತರೂ ನೀರು ಉಗುರುಬೆಚ್ಚಗಿಂತ ಮೇಲೆ ಕಾಯುವುದಿಲ್ಲ. ಇವುಗಳಲ್ಲಿ ಹೆಚ್ಚಿನವು ಬ್ಯಾಟರಿ, ನೀರಿನ ಒತ್ತಡ, ಸುಣ್ಣದ ಪದರ ಈ ಮೂರರಲ್ಲೇ ಮುಗಿಯುತ್ತವೆ. ಸ್ಪ್ಯಾನರ್, ಸ್ಕ್ರೂಡ್ರೈವರ್, ಹಳೆಯ ಹಲ್ಲುಜ್ಜುವ ಬ್ರಷ್ ಇದ್ದರೆ ಮನೆಯವರೇ ಸರಿಪಡಿಸಬಹುದು.

ಆದರೆ ಗೀಜರ್ ತಾನಾಗಿ ಆರಿಹೋಗುವುದು ಬಹಳ ಸಲ ಕೆಟ್ಟದ್ದರ ಗುರುತಲ್ಲ. ಅದರೊಳಗಿನ ಯಾವುದೋ ಒಂದು ಕಾವಲು ತನ್ನ ಕೆಲಸ ಮಾಡಿದೆ ಎಂದರ್ಥ. ಏಕೆ ಆರಿತು ಎಂದು ಹುಡುಕಬೇಕೇ ಹೊರತು, ಆರಿಸುವ ಭಾಗವನ್ನೇ ತೆಗೆದುಹಾಕಿ ಉರಿಸಬಾರದು. ಅತಿಬಿಸಿ ತಡೆಯುವ ಥರ್ಮೋಸ್ಟಾಟ್‌ನ ಎರಡು ವೈರುಗಳನ್ನು ಒಟ್ಟಿಗೆ ತಿರುಚಿ "ಈಗ ಆರೋದಿಲ್ಲ ನೋಡ್ರಿ" ಎನ್ನುವ ರಿಪೇರಿಯನ್ನು ಯಾರಿಂದಲೂ ಒಪ್ಪಿಕೊಳ್ಳಬೇಡಿ.

ಎಲ್ಲಕ್ಕಿಂತ ಮೊದಲು ಗಾಳಿ

ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಸಾಮಾನ್ಯ ಗೀಜರ್ ಪೂರ್ತಿ ಉರಿಯಲ್ಲಿ ತಾಸಿಗೆ ಸುಮಾರು 1 ಕಿಲೋ ಎಲ್‌ಪಿಜಿ ಸುಡುತ್ತದೆ. ಅಷ್ಟು ಗ್ಯಾಸ್ ಸರಿಯಾಗಿ ಉರಿಯಲು ಬೇಕಾದ ಗಾಳಿ ಮುಚ್ಚಿದ ಸಣ್ಣ ಬಚ್ಚಲುಮನೆಯಲ್ಲಿ ಇರುವುದಿಲ್ಲ. ಆಮ್ಲಜನಕ ಕಡಿಮೆಯಾದಂತೆ ಉರಿ ಅರ್ಧಂಬರ್ಧವಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಸೋರುವ ಎಲ್‌ಪಿಜಿಗೆ ಬೆರೆಸಿದ ವಾಸನೆಯಾದರೂ ಇದೆ. ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಕಾಲು ಸೋಲುವುದು ಅದರ ಮೊದಲ ಲಕ್ಷಣಗಳು. ಚಿಲಕ ಹಾಕಿಕೊಂಡು ಸ್ನಾನ ಮಾಡುವವರು ಕೂಗಲೂ ಆಗದೆ ಬಿದ್ದುಬಿಡುತ್ತಾರೆ.

ಅದಕ್ಕೇ ಗೀಜರ್‌ಗೆ ಸರಿಯಾದ ಜಾಗ ಬಚ್ಚಲಿನ ಹೊರಗಿನ ಗೋಡೆ, ಹಿತ್ತಲಿನ ಕಟ್ಟೆ ಅಥವಾ ತೆರೆದ ಬಾಲ್ಕನಿ. ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಹೊರಗೆ ಹಾಕುವಾಗ ಮಳೆ ಬಡಿಯದಂತೆ ಮೇಲೊಂದು ಸಣ್ಣ ಸಜ್ಜಾ ಇರಲಿ, ಆದರೆ ನಾಲ್ಕೂ ಕಡೆ ಪೆಟ್ಟಿಗೆ ಕಟ್ಟಿ ಮುಚ್ಚಬೇಡಿ. ಈಗಾಗಲೇ ಒಳಗೇ ಇದ್ದರೆ, ಅದನ್ನು ಹೊರಗೆ ಸಾಗಿಸುವವರೆಗೆ ಹಳೆಯ ಹಂಡೆಯ ಪದ್ಧತಿಯನ್ನೇ ಪಾಲಿಸಿ: ಬಾಗಿಲು, ಗವಾಕ್ಷಿ ತೆರೆದು ಬಕೆಟ್ ತುಂಬಿಸಿಕೊಳ್ಳಿ, ಗೀಜರ್ ಆರಿಸಿ, ಒಳಗಿನ ಗಾಳಿ ಹೊರಹೋಗಲು ಬಿಟ್ಟು, ಆಮೇಲೆ ಸ್ನಾನಕ್ಕೆ ಹೋಗಿ. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎಂದು ಸಮಾಧಾನ ಪಡಬೇಡಿ. ಹೊಸ ಗಾಳಿ ಒಳಬರಲು ಕೆಳಗೆ ದಾರಿಯಿಲ್ಲದಿದ್ದರೆ ಫ್ಯಾನ್ ಗೀಜರ್‌ನ ಹೊಗೆಯನ್ನೇ ಹಿಂದಕ್ಕೆ ಎಳೆಯುತ್ತದೆ. ಬೆಳಗಾವಿಯ ಜಿಟಿಜಿಟಿ ಮಳೆಯ ದಿನಗಳಲ್ಲಿ ಗವಾಕ್ಷಿಗೆ ಪ್ಲಾಸ್ಟಿಕ್ ಹಾಳೆ ಕಟ್ಟುವ ರೂಢಿಯಿದೆ. ಗ್ಯಾಸ್ ಗೀಜರ್ ಇರುವ ಬಚ್ಚಲಿನಲ್ಲಿ ಅದು ಜೀವಕ್ಕೆ ಅಪಾಯ.

ನಳ ತಿರುವಿದಾಗ ಒಳಗೆ ಆಗುವುದೇನು

ಈ ಕ್ರಮ ಗೊತ್ತಿದ್ದರೆ ಅರ್ಧ ರಿಪೇರಿ ಆದಂತೆ. ತಣ್ಣೀರು ಒಳಬಂದು ವಾಟರ್ ವಾಲ್ವ್‌ನಲ್ಲಿರುವ ರಬ್ಬರ್ ಡಯಾಫ್ರಾಮ್ ಅನ್ನು ಒತ್ತುತ್ತದೆ. ಡಯಾಫ್ರಾಮ್ ಒಂದು ಪಿನ್ನನ್ನು ತಳ್ಳುತ್ತದೆ. ಪಿನ್ ಮೈಕ್ರೋ ಸ್ವಿಚ್ಚನ್ನು ಒತ್ತಿದಾಗ "ಟಕ್" ಎನ್ನುತ್ತದೆ. ಆಗ ಬ್ಯಾಟರಿಯ ಕರೆಂಟು ಸಣ್ಣ ಡಬ್ಬಿಯಂತಿರುವ ಪಲ್ಸ್ ಮಾಡ್ಯೂಲ್‌ಗೆ ಹೋಗಿ "ಟಿಕ್ ಟಿಕ್ ಟಿಕ್" ಎಂದು ಕಿಡಿ ಹಾರುತ್ತದೆ. ಅದರ ಜೊತೆಗೇ ಸೊಲೆನಾಯ್ಡ್ ವಾಲ್ವ್ ತೆರೆದು ಗ್ಯಾಸ್ ಬರ್ನರ್‌ಗೆ ಹರಿಯುತ್ತದೆ, ಉರಿ ಹೊತ್ತುತ್ತದೆ. ಉರಿಯಲ್ಲಿ ಮುಳುಗಿರುವ ಇನ್ನೊಂದು ಕಡ್ಡಿ, ಅಂದರೆ ಫ್ಲೇಮ್ ಸೆನ್ಸರ್, ಬೆಂಕಿ ಇದೆ ಎಂದು ಮಾಡ್ಯೂಲ್‌ಗೆ ತಿಳಿಸುತ್ತದೆ. ಆ ಸುದ್ದಿ ಬರದಿದ್ದರೆ ಕೆಲವೇ ಸೆಕೆಂಡಿನಲ್ಲಿ ಸೊಲೆನಾಯ್ಡ್ ಗ್ಯಾಸನ್ನು ಮುಚ್ಚುತ್ತದೆ.

ಬಚ್ಚಲಿನಲ್ಲಿ ಒಬ್ಬರು ಬಿಸಿನೀರಿನ ನಳ ತಿರುವಲಿ, ಇನ್ನೊಬ್ಬರು ಗೀಜರ್ ಹತ್ತಿರ ನಿಂತು ಕೇಳಲಿ. ಸದ್ದು ಎಲ್ಲಿಗೆ ನಿಂತಿತೋ ದೋಷ ಅಲ್ಲಿದೆ.

ಸದ್ದೇ ಇಲ್ಲ

ಮೊದಲು ಬ್ಯಾಟರಿ. ಕೆಳಗಿನ ಡಬ್ಬಿಯಲ್ಲಿ 1.5 ವೋಲ್ಟ್‌ನ ಎರಡು ದೊಡ್ಡ ಸೆಲ್‌ಗಳಿರುತ್ತವೆ, ಅಂಗಡಿಯಲ್ಲಿ ಡಿ ಸೈಜ್ ಎಂದು ಕೇಳಿ. ಗಡಿಯಾರಕ್ಕೆ ಸಾಲುವ ಸೆಲ್ ಗೀಜರ್‌ಗೆ ಸಾಲುವುದಿಲ್ಲ, ಏಕೆಂದರೆ ಕಿಡಿ ಹಾರಿಸುವಾಗ ಮಾಡ್ಯೂಲ್ ಒಮ್ಮೆಲೇ ಹೆಚ್ಚು ಕರೆಂಟು ಎಳೆಯುತ್ತದೆ. ಮೀಟರ್ ಇದ್ದರೆ ಅಳೆದು ನೋಡಿ, ಒಂದೊಂದು ಸೆಲ್ 1.2 ವೋಲ್ಟ್‌ಗಿಂತ ಕೆಳಗಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸಿ. ಹಳತು ಒಂದು, ಹೊಸತು ಒಂದು ಹಾಕಿದರೆ ಹೊಸದೂ ಬೇಗ ಇಳಿಯುತ್ತದೆ. ಆಲ್ಕಲೈನ್ ಸೆಲ್‌ಗೆ ತುಸು ಹೆಚ್ಚು ಹಣವಾದರೂ ಸಾಮಾನ್ಯ ಸೆಲ್‌ನಷ್ಟು ಬೇಗ ಒಡೆದು ಸೋರುವುದಿಲ್ಲ. ಡಬ್ಬಿಯ ಸ್ಪ್ರಿಂಗ್ ಹಸಿರುಗಟ್ಟಿದ್ದರೆ ಅಥವಾ ತುಕ್ಕು ಹಿಡಿದಿದ್ದರೆ ಸಣ್ಣ ಉಜ್ಜುಕಾಗದದಿಂದ ಹೊಳಪು ಬರುವವರೆಗೆ ಉಜ್ಜಿ, ಒಣಬಟ್ಟೆಯಿಂದ ಒರೆಸಿ. ನಾಲ್ಕು ತಿಂಗಳು ಬಳಸದೆ ಬಿಡುವುದಾದರೆ ಸೆಲ್ ತೆಗೆದಿಡಿ.

ಬ್ಯಾಟರಿ ಹೊಸದಾಗಿದ್ದೂ "ಟಕ್" ಕೇಳದಿದ್ದರೆ ನೀರು ಡಯಾಫ್ರಾಮನ್ನು ತಳ್ಳುತ್ತಿಲ್ಲ. ಅಳತೆ ಸುಲಭ. 15 ಲೀಟರ್ ಬಕೆಟ್ ಇಟ್ಟು ಬಿಸಿನೀರಿನ ನಳ ಪೂರ್ತಿ ಬಿಡಿ. ಎರಡೂವರೆ ನಿಮಿಷದಲ್ಲಿ ತುಂಬಿದರೆ ನಿಮಿಷಕ್ಕೆ 6 ಲೀಟರ್, ಅದು ಸರಿ. ಆರು ನಿಮಿಷ ಹಿಡಿದರೆ ನಿಮಿಷಕ್ಕೆ ಎರಡೂವರೆ ಲೀಟರ್. ಅಷ್ಟಕ್ಕೆ ಬಹಳಷ್ಟು ಗೀಜರ್‌ಗಳು ಹೊತ್ತುವುದಿಲ್ಲ, ಅದು ಅವುಗಳ ತಪ್ಪಲ್ಲ.

ಹರಿವು ಕಡಿಮೆಯಾಗಲು ನಮ್ಮ ಕಡೆ ಎರಡು ಕಾರಣ ಮುಖ್ಯ. ಒಂದು, ಟಾಕಿಯ ಎತ್ತರ. ಗೀಜರ್‌ಗಿಂತ ಟಾಕಿಯಲ್ಲಿನ ನೀರು ಕನಿಷ್ಠ 2ರಿಂದ 3 ಮೀಟರ್ ಮೇಲಿರಬೇಕು. ಮೇಲಂತಸ್ತಿನ ಬಚ್ಚಲಿಗೆ ಮಾಳಿಗೆಯ ಮೇಲೆ ನೇರವಾಗಿ ಕೂರಿಸಿದ ಟಾಕಿಯಿಂದ ಇಷ್ಟು ಒತ್ತಡ ಬರುವುದಿಲ್ಲ. ಕೆಳಗಿನ ಮನೆಯಲ್ಲಿ ಚೆನ್ನಾಗಿ ಉರಿದ ಗೀಜರ್ ಮೇಲಿನ ಮನೆಯಲ್ಲಿ ಹಟ ಹಿಡಿಯುವುದು ಇದಕ್ಕೇ. ಟಾಕಿಗೆ ಕಬ್ಬಿಣದ ಸ್ಟ್ಯಾಂಡ್ ಹಾಕಿಸಿ ಎತ್ತರಿಸಿ, ಇಲ್ಲವೇ ಬಿಸಿನೀರಿನ ಸಾಲಿಗೆ ಸಣ್ಣ ಪ್ರೆಷರ್ ಪಂಪ್ ಕೂರಿಸಿ. ಬರೀ ಗೀಜರ್ ಬದಲಿಸಿದರೆ ಹಣ ದಂಡ.

ಎರಡು, ಜಾಲರಿ. ತಣ್ಣೀರು ಒಳಹೋಗುವ ನಟ್ಟಿನೊಳಗೆ ಬೆರಳ ತುದಿಯಷ್ಟು ಸ್ಟೀಲ್ ಅಥವಾ ಪ್ಲಾಸ್ಟಿಕ್ ಜಾಲರಿ ಇರುತ್ತದೆ. ಟಾಕಿ ತೊಳೆದ ಮರುದಿನ, ಬೀದಿಯ ಪೈಪ್‌ಲೈನ್ ಅಗೆದು ಕೂಡಿಸಿದ ಮೇಲೆ, ಮರಳು, ತುಕ್ಕು, ಪಾಚಿ ಎಲ್ಲಾ ಇಲ್ಲೇ ಬಂದು ಕೂರುತ್ತದೆ. ಆಂಗಲ್ ಕಾಕ್ ಮುಚ್ಚಿ, ಸ್ಪ್ಯಾನರ್‌ನಿಂದ ನಟ್ ಬಿಚ್ಚಿ, ಜಾಲರಿಯನ್ನು ಬ್ರಷ್ಷಿನಿಂದ ತೊಳೆದು ಹಾಕಿ. ವಾಷರ್ ಗಟ್ಟಿಯಾಗಿದ್ದರೆ ಅದನ್ನೂ ಬದಲಿಸಿ. ಜಾಲರಿ ತೆಗೆದೇ ಬಿಡೋಣ ಎಂದರೆ ಮರಳು ನೇರ ಡಯಾಫ್ರಾಮ್‌ಗೆ ಹೋಗಿ ಅದನ್ನು ಹರಿಯುತ್ತದೆ.

ನೀರು ಜೋರಾಗಿಯೇ ಬರುತ್ತಿದೆ, ಜಾಲರಿ ಚೊಕ್ಕವಾಗಿದೆ, ಆದರೂ ಟಕ್ ಇಲ್ಲವೆಂದರೆ ಡಯಾಫ್ರಾಮ್ ಹರಿದಿದೆ ಅಥವಾ ಪಿನ್ ಸವಳು ನೀರಿನ ಸುಣ್ಣದಿಂದ ಅಂಟಿಕೊಂಡಿದೆ. ನೀರಿನ ಭಾಗದ ಮುಚ್ಚಳ ಬೇರೆಯಾಗಿಯೇ ಬಿಚ್ಚುವಂತಿದ್ದರೆ ಡಯಾಫ್ರಾಮನ್ನು ಮನೆಯಲ್ಲೇ ಬದಲಿಸಬಹುದು: ಸಿಲಿಂಡರ್ ಮುಚ್ಚಿ, ಸೆಲ್ ತೆಗೆದು, ಒಳಗಿನ ನೀರು ಬಸಿದು, ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ ಅದೇ ಅಳತೆಯದು ತನ್ನಿ. ಕೂರಿಸುವಾಗ ಮುಖ ಯಾವ ಕಡೆಗಿತ್ತು ನೋಡಿಕೊಳ್ಳಿ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಗಾಡಿಗೆ ಹಾಕುವ ಗ್ರೀಸ್ ರಬ್ಬರನ್ನು ತಿನ್ನುತ್ತದೆ, ಹಚ್ಚಬೇಡಿ. ಗ್ಯಾಸ್ ವಾಲ್ವನ್ನೂ ಬಿಚ್ಚದೆ ಕೆಲಸವಾಗದು ಎಂದು ಕಂಡರೆ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಯಿರಿ.

ಟಿಕ್ ಟಿಕ್ ಇದೆ, ಉರಿ ಇಲ್ಲ

ಸಿಲಿಂಡರ್ ಈಗಷ್ಟೇ ಬದಲಿಸಿದ್ದರೆ ಪೈಪಿನಲ್ಲಿ ಗಾಳಿ ತುಂಬಿರುತ್ತದೆ. ನಳ ಮುಚ್ಚಿ, ಅರ್ಧ ನಿಮಿಷ ಬಿಟ್ಟು ಮತ್ತೆ ತೆರೆಯಿರಿ. ಮೂರ್ನಾಲ್ಕು ಸಲಕ್ಕೆ ಹೊತ್ತುತ್ತದೆ. ರೆಗ್ಯುಲೇಟರ್ ಸರಿಯಾಗಿ ಕೂತಿದೆಯೇ, ಗೀಜರ್‌ನ ಗ್ಯಾಸ್ ಕಾಕ್ ತೆರೆದಿದೆಯೇ ನೋಡಿ. ಟಿಕ್ ಟಿಕ್ ನಿಧಾನವಾಗಿದ್ದು ಕಿಡಿ ಕೆಂಪಗೆ, ಸಣ್ಣದಾಗಿ ಕಂಡರೆ ಮತ್ತೆ ಸೆಲ್ಲೇ ಕಾರಣ. ಕಿಡಿಯ ಕಡ್ಡಿಗೂ ಬರ್ನರ್‌ಗೂ ನಡುವೆ 3ರಿಂದ 5 ಮಿಲಿಮೀಟರ್ ಅಂತರವಿರಬೇಕು. ಮಳೆಗಾಲದಲ್ಲಿ ಕಡ್ಡಿಯ ಪಿಂಗಾಣಿಯ ಮೇಲೆ ತೇವ ಕೂತು ಕಿಡಿ ಅಡ್ಡದಾರಿ ಹಿಡಿಯುತ್ತದೆ. ಒಣಬಟ್ಟೆಯಿಂದ ಒರೆಸಿದರೆ ಸಾಕು. ಪಿಂಗಾಣಿ ಸೀಳಿದ್ದರೆ ಮಾತ್ರ ಕಡ್ಡಿ ಬದಲಿಸಬೇಕು.

ರೆಗ್ಯುಲೇಟರ್ ವಿಷಯದಲ್ಲಿ ಒಂದು ಎಚ್ಚರ. ಮನೆಯ ಒಲೆಗೂ ಗೀಜರ್‌ಗೂ ಬೇಕಾದದ್ದು ಗ್ಯಾಸ್ ಏಜೆನ್ಸಿ ಕೊಡುವ ಕಡಿಮೆ ಒತ್ತಡದ, ಚದರ ಸೆಂಟಿಮೀಟರಿಗೆ 30 ಗ್ರಾಮಿನ ರೆಗ್ಯುಲೇಟರ್. ಉರಿ ಸಾಲದು ಎಂದು ಹೋಟೆಲ್ ಭಟ್ಟಿಗೆ ಹಾಕುವ ತಿರುಗಣೆಯ ರೆಗ್ಯುಲೇಟರ್ ಸಿಕ್ಕಿಸಿದರೆ ಉರಿ ಬರ್ನರ್ ಬಿಟ್ಟು ಮೇಲೆದ್ದು ಮುಖಕ್ಕೆ ಬಡಿಯುತ್ತದೆ. ಬೆಳಗಾವಿಯ ಕೆಲವು ಬಡಾವಣೆಗಳಿಗೆ ಪೈಪ್ ಗ್ಯಾಸ್ ಬಂದಿದೆ. ಅದು ಎಲ್‌ಪಿಜಿಯಲ್ಲ, ನೈಸರ್ಗಿಕ ಅನಿಲ. ಎರಡಕ್ಕೂ ಬರ್ನರ್‌ಗೆ ಗ್ಯಾಸ್ ಬಿಡುವ ಜೆಟ್‌ಗಳ ರಂಧ್ರ ಬೇರೆ ಬೇರೆ. ಹಳೆಯ ಎಲ್‌ಪಿಜಿ ಗೀಜರನ್ನು ಆ ಸಾಲಿಗೆ ಹಾಗೇ ಜೋಡಿಸಬಾರದು.

ಹೊತ್ತುತ್ತದೆ, ಆರುತ್ತದೆ

ಎಷ್ಟು ಹೊತ್ತಿಗೆ ಆರುತ್ತದೆ ಎಂಬುದೇ ಇಲ್ಲಿ ಉತ್ತರ.

ಐದು ಹತ್ತು ಸೆಕೆಂಡಿಗೇ ಆರಿದರೆ ಫ್ಲೇಮ್ ಸೆನ್ಸರ್. ಒಂದೇ ವೈರು ಹೋಗಿರುವ ಕಡ್ಡಿ ಅದು. ಮೇಲೆ ಮಸಿ ಅಥವಾ ಬಿಳಿ ಪುಡಿ ಕೂತಿದ್ದರೆ ಬೆಂಕಿಯನ್ನು ಗುರುತಿಸುವುದಿಲ್ಲ. ಗೀಜರ್ ತಣ್ಣಗಾದ ಮೇಲೆ ಅತಿ ಸಣ್ಣ ಉಜ್ಜುಕಾಗದದಿಂದ ಮೆಲ್ಲಗೆ ಉಜ್ಜಿ, ತುದಿ ಉರಿಯೊಳಗೇ ಇರುವಂತೆ ನೋಡಿಕೊಳ್ಳಿ, ವೈರಿನ ಕ್ಲಿಪ್ ಬಿಗಿ ಮಾಡಿ.

ತಣ್ಣೀರಿನ ನಳ ತೆರೆದ ತಕ್ಷಣ ಆರಿದರೆ ಗೀಜರ್‌ನ ಪಾಲಿನ ನೀರು ಕಡಿಮೆಯಾಗಿದೆ. ಬಿಸಿ ಹೆಚ್ಚಾಯಿತೆಂದು ತಣ್ಣೀರು ಬೆರೆಸಿದಷ್ಟೂ ಹೀಗಾಗುತ್ತದೆ. ಅದರ ಬದಲು ಗೀಜರ್‌ನ ಗ್ಯಾಸ್ ಗುಂಡಿಯನ್ನು ಇಳಿಸಿ, ಬೆರೆಸುವ ಅಗತ್ಯವೇ ಇಲ್ಲದ ಬಿಸಿಗೆ ತನ್ನಿ. ಸಣ್ಣ ರಂಧ್ರಗಳ ಶವರ್ ಕೂಡ ಹರಿವನ್ನು ಕಟ್ಟಿಹಾಕುತ್ತದೆ.

ಎರಡು ಮೂರು ನಿಮಿಷಕ್ಕೆ ಆರಿ, ತಣಿದ ಮೇಲೆ ಮತ್ತೆ ಹೊತ್ತಿದರೆ ಅತಿಬಿಸಿ ತಡೆಯುವ ಥರ್ಮೋಸ್ಟಾಟ್ ಕೆಲಸ ಮಾಡಿದೆ. ನೀರು ಕಾಯುವ ತಾಮ್ರದ ಕೊಳವೆ, ಅಂದರೆ ಕಾಯಿಲ್‌ನೊಳಗೆ ಸುಣ್ಣ ಕಟ್ಟಿರಬಹುದು, ನೀರು ಕಡಿಮೆಯಿರಬಹುದು, ಅಥವಾ ಒಳಬರುವ ನೀರೇ ಕಾದಿರಬಹುದು. ವಿಜಯಪುರದ ಮೇ ತಿಂಗಳ ಮಧ್ಯಾಹ್ನ ಕಪ್ಪು ಟಾಕಿಯ ನೀರಿಗೆ ಗೀಜರ್ ಹಚ್ಚಿದರೆ ಹೀಗಾಗದೆ ಇರದು. ಋತುವಿನ ಗುಂಡಿಯನ್ನು ಬೇಸಿಗೆಗೆ ತಿರುಗಿಸಿ, ಆಗ ಬರ್ನರ್‌ನ ಕೆಲವು ಸಾಲು ಮಾತ್ರ ಉರಿಯುತ್ತವೆ. ಸೋಲಾರ್ ಹೀಟರಿನ ನೀರನ್ನು ಗೀಜರ್ ಮೂಲಕ ಹಾಯಿಸಬೇಡಿ.

ಸುಮಾರು 20 ನಿಮಿಷಕ್ಕೆ ಆರಿದರೆ ಅದು ಅನೇಕ ಮಾಡೆಲ್‌ಗಳಲ್ಲಿರುವ ಸುರಕ್ಷಾ ಟೈಮರ್. ನಳ ಮುಚ್ಚಿ ತೆರೆದರೆ ಮತ್ತೆ ಶುರುವಾಗುತ್ತದೆ.

ಉರಿ ಇದೆ, ನೀರು ಕಾಯುತ್ತಿಲ್ಲ

6 ಲೀಟರಿನ ಗೀಜರ್ ಪೂರ್ತಿ ಹರಿವಿನಲ್ಲಿ ನೀರನ್ನು ಸುಮಾರು 25 ಡಿಗ್ರಿ ಏರಿಸುತ್ತದೆ. ಟಾಕಿಯ ನೀರು 18 ಡಿಗ್ರಿ ಇರುವ ಮುಂಜಾನೆ ಹೊರಬರುವುದು 43 ಡಿಗ್ರಿ. ನೀರಿನ ಗುಂಡಿಯನ್ನು ಇಳಿಸಿ ನಿಮಿಷಕ್ಕೆ 4 ಲೀಟರ್ ಮಾಡಿಕೊಂಡರೆ ಅದೇ ಉರಿಗೆ 55 ಡಿಗ್ರಿವರೆಗೆ ಹೋಗುತ್ತದೆ. ಬೇಸಿಗೆಯಲ್ಲಿ ತಿರುಗಿಸಿದ್ದ ಋತುವಿನ ಗುಂಡಿ ಹಾಗೇ ಉಳಿದಿರುವುದೂ ಉಂಟು, ಅದನ್ನು ಚಳಿಗಾಲದ ಗುರುತಿಗೆ ತನ್ನಿ. ಒಂದೇ ಸಿಲಿಂಡರಿಗೆ ಕವಲು ಹಾಕಿ ಒಲೆಯನ್ನೂ ಜೋಡಿಸಿದ್ದರೆ, ರೊಟ್ಟಿ ಬೇಯುವ ಹೊತ್ತಿಗೆ ಗೀಜರ್‌ನ ಉರಿ ತಗ್ಗುತ್ತದೆ. ಸಿಲಿಂಡರ್ ಮುಗಿಯಲು ಬಂದಾಗಲೂ ಹಾಗೇ: ಉಳಿದ ದ್ರವ ಕಡಿಮೆಯಾದಷ್ಟು ಚಳಿಯಲ್ಲಿ ಅನಿಲವಾಗಿ ಏಳುವುದು ನಿಧಾನ. ಸಿಲಿಂಡರನ್ನು ಬಿಸಿನೀರಿನಲ್ಲಿ ಇಡುವುದು, ಅಡ್ಡ ಮಲಗಿಸುವುದು ಎರಡೂ ಅಪಾಯ. ಮಲಗಿಸಿದರೆ ದ್ರವ ಗ್ಯಾಸೇ ರೆಗ್ಯುಲೇಟರ್‌ಗೆ ನುಗ್ಗುತ್ತದೆ.

ಇವು ಯಾವುದೂ ಅಲ್ಲ, ಕೆಲವು ತಿಂಗಳಿಂದ ನಿಧಾನವಾಗಿ ಬಿಸಿ ಕಡಿಮೆಯಾಗುತ್ತಾ ಬಂದಿದೆ, ಒಳಗೆ ಗೊರಗೊರ ಸದ್ದು ಬರುತ್ತಿದೆ ಎಂದರೆ ಸುಣ್ಣ. ನಮ್ಮ ಭಾಗದ ದೊಡ್ಡ ಶತ್ರು ಇದೇ. ಕಲಾದಗಿ, ಲೋಕಾಪುರ, ಮುಧೋಳದ ಕಡೆ ನೆಲವೇ ಸುಣ್ಣಗಲ್ಲಿನದು. ವಿಜಯಪುರದ ಬೋರ್ ನೀರೂ ಗಡಸು. ಇಂಥ ನೀರಿನಲ್ಲಿ ಕರಗಿರುವ ಸುಣ್ಣದ ಅಂಶ ಕಾದಾಗ ಬೇರ್ಪಟ್ಟು ತಾಮ್ರದ ಕಾಯಿಲ್‌ನ ಒಳಗೋಡೆಗೆ ಅಂಟುತ್ತದೆ. ಬಿಸಿ 60 ಡಿಗ್ರಿ ದಾಟಿದರೆ ಇನ್ನೂ ಜೋರು. ಪದರ ಬೆಳೆದಂತೆ ಶಾಖ ನೀರಿಗೆ ದಾಟದೆ ತಾಮ್ರವೇ ಸುಡುತ್ತದೆ. ರಾಕಸಕೊಪ್ಪ, ಹಿಡಕಲ್ ಜಲಾಶಯಗಳ ನೀರು ಕುಡಿಯುವ ಬೆಳಗಾವಿಯ ಮನೆಗಳಿಗೆ ಈ ಕಾಟ ಕಡಿಮೆ, ಅಲ್ಲಿಯೂ ಬೋರ್ ಬಳಸುವವರಿಗೆ ಮಾತ್ರ ತಪ್ಪಿದ್ದಲ್ಲ. ಬೋರ್ ನೀರಿನ ಮನೆಯಲ್ಲಿ ವರ್ಷಕ್ಕೆ ಎರಡು ಸಲ ಕಾಯಿಲ್ ತೊಳೆಯುವುದು ಒಳ್ಳೆಯದು. ಹೊಳೆಯ ನೀರಿಗೆ ಎರಡು ವರ್ಷಕ್ಕೊಮ್ಮೆ ಸಾಕು.

ತೊಳೆಯುವ ಕ್ರಮ ಹೀಗೆ.

1. ಸಿಲಿಂಡರ್ ಮುಚ್ಚಿ, ಸೆಲ್ ತೆಗೆದು, ತಣ್ಣೀರಿನ ಕಾಕ್ ಮುಚ್ಚಿ. ಗೀಜರ್ ಪೂರ್ತಿ ತಣಿಯಲಿ. ಕೆಳಗಿನ ಒಳದಾರಿ, ಹೊರದಾರಿ ಎರಡೂ ಪೈಪ್ ಬಿಚ್ಚಿ ನೀರು ಬಸಿಯಿರಿ.

2. ಕಿರಾಣಿ ಅಂಗಡಿಯ ಲಿಂಬೆಉಪ್ಪು (ಸಿಟ್ರಿಕ್ ಆ್ಯಸಿಡ್) 100 ಗ್ರಾಂ ತಂದು 2 ಲೀಟರ್ ಉಗುರುಬೆಚ್ಚನೆಯ ನೀರಿನಲ್ಲಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ. ಪಾಯಿಖಾನೆ ತೊಳೆಯುವ ಆ್ಯಸಿಡ್ ಬೇಡವೇ ಬೇಡ. ಸುಣ್ಣದ ಜೊತೆ ತಾಮ್ರವನ್ನೂ ಹಿತ್ತಾಳೆಯನ್ನೂ ತಿಂದು ಕಾಯಿಲ್ ತೂತು ಮಾಡುತ್ತದೆ.

3. ಎರಡೂ ಬಾಯಿಗೆ ಒಂದೊಂದು ಹೋಸ್ ಸಿಕ್ಕಿಸಿ, ತುದಿಗಳನ್ನು ಗೀಜರ್‌ಗಿಂತ ಮೇಲೆ ಕಟ್ಟಿ. ಹೊರದಾರಿಯ ಹೋಸ್‌ಗೆ ಆಲಿಕೆ ಇಟ್ಟು ನಿಧಾನವಾಗಿ ಹೊಯ್ಯಿರಿ. ಇನ್ನೊಂದು ಹೋಸ್‌ನಲ್ಲಿ ದ್ರಾವಣ ಕಾಣುವವರೆಗೆ ತುಂಬಿಸಿ.

4. ತುದಿಗಳನ್ನು ಮುಚ್ಚಬೇಡಿ. ಸುಣ್ಣ ಕರಗುವಾಗ ಅನಿಲ ಬಂದು ನೊರೆ ಏಳುತ್ತದೆ. ಒಂದು ತಾಸು ಬಿಡಿ. ಬಸಿದ ದ್ರಾವಣ ಮಡ್ಡಿಯಾಗಿದ್ದು ನೊರೆ ಇನ್ನೂ ಜೋರಾಗಿದ್ದರೆ ಹೊಸ ದ್ರಾವಣದಿಂದ ಇನ್ನೊಮ್ಮೆ.

5. ಬಸಿದು, ಪೈಪ್ ಜೋಡಿಸಿ, ಗ್ಯಾಸ್ ಮುಚ್ಚಿಯೇ ಇಟ್ಟು ಹತ್ತು ನಿಮಿಷ ನೀರು ಹಾಯಿಸಿ. ಸಡಿಲಾದ ಸುಣ್ಣದ ಚೂರು ಶವರಿನಲ್ಲಿ ಸಿಕ್ಕಿಕೊಳ್ಳದಂತೆ ಅದನ್ನು ಮೊದಲೇ ಬಿಚ್ಚಿಡಿ. ಜೋಡಣೆಗಳಲ್ಲಿ ಎಲ್ಲೂ ಒಸರುತ್ತಿಲ್ಲವೆಂದು ಕಂಡ ಮೇಲೆ ಹೊತ್ತಿಸಿ.

ಬಕೆಟ್ ಅಳತೆಯನ್ನು ತೊಳೆಯುವ ಮುಂಚೆಯೂ ಆಮೇಲೂ ಮಾಡಿದರೆ ಎಷ್ಟು ಉಪಯೋಗವಾಯಿತು ಎಂಬುದು ಗೊತ್ತಾಗುತ್ತದೆ.

ಹಳದಿ ಉರಿ, ಮಸಿ, "ಭಪ್" ಎಂಬ ಸದ್ದು

ಈ ಮೂರರಲ್ಲಿ ಒಂದು ಕಂಡರೂ ಅಂದಿನ ಸ್ನಾನಕ್ಕೆ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ, ಗೀಜರ್ ಬಳಸಬೇಡಿ. ಉರಿ ನೀಲಿಯಾಗಿ, ಎತ್ತರ ಒಂದೇ ಸಮನಾಗಿ ಇರಬೇಕು. ಉದ್ದನೆಯ ಹಳದಿ ನಾಲಗೆಗಳು ಮೇಲೆದ್ದರೆ ಗಾಳಿ ಸಾಲದಾಗಿದೆ: ಕೋಣೆ ಮುಚ್ಚಿದೆ, ಬರ್ನರ್‌ನ ಗಾಳಿರಂಧ್ರದಲ್ಲಿ ಧೂಳು ತುಂಬಿದೆ, ಅಥವಾ ಕಾಯಿಲ್‌ನ ಎಲೆಗಳ ನಡುವೆ ಮಸಿ ಕಟ್ಟಿ ಹೊಗೆ ಮೇಲೇಳುತ್ತಿಲ್ಲ. ತಿಂಗಳುಗಟ್ಟಲೆ ನಿಂತ ಗೀಜರ್‌ನಲ್ಲಿ ಜೇಡ ಬಲೆ ಕಟ್ಟುತ್ತದೆ, ಜಿರಲೆ ಮನೆ ಮಾಡುತ್ತದೆ. ಸಿಲಿಂಡರ್ ಮುಚ್ಚಿ, ಮುಂದಿನ ಮುಚ್ಚಳ ತೆಗೆದು, ಒಣ ಬ್ರಷ್ಷಿನಿಂದ ಕಾಣುವಷ್ಟು ಧೂಳು, ಮಸಿ ಉದುರಿಸಬಹುದು. ಜೆಟ್‌ಗಳಿಗೆ ಸೂಜಿ, ತಂತಿ ಹಾಕಬೇಡಿ. ಕೂದಲೆಳೆಯಷ್ಟು ರಂಧ್ರ ದೊಡ್ಡದಾದರೂ ಗ್ಯಾಸ್ ಹೆಚ್ಚಾಗಿ ಮತ್ತೆ ಹಳದಿ ಉರಿಯೇ.

ಭಪ್ ಎಂದು ಹೊತ್ತುವುದೆಂದರೆ ಕಿಡಿ ತಡವಾಗಿದೆ, ಅಷ್ಟರಲ್ಲಿ ಗ್ಯಾಸ್ ಕೂಡಿಕೊಂಡಿದೆ. ಇಳಿದ ಸೆಲ್, ದೂರ ಸರಿದ ಕಡ್ಡಿ, ಕಟ್ಟಿಕೊಂಡ ಬರ್ನರ್ ಸಾಲು ಕಾರಣ. ಸೆಲ್ ಬದಲಿಸಿದ ಮೇಲೂ ಭಪ್ ನಿಲ್ಲದಿದ್ದರೆ ಮುಂದಿನದು ಮೆಕ್ಯಾನಿಕ್ ಕೆಲಸ. ಇಣುಕುಕಿಂಡಿಗೆ ಮುಖ ಹಚ್ಚಿ ನೋಡಬೇಡಿ.

ತಡಮಾಡದೆ ಸಿಲಿಂಡರ್ ಮುಚ್ಚಬೇಕಾದ ಸಂದರ್ಭ

ನಳ ಮುಚ್ಚಿದರೂ ಉರಿ ಆರದಿದ್ದರೆ ವಾಟರ್ ವಾಲ್ವ್‌ನ ಪಿನ್ ತೆರೆದಲ್ಲೇ ಸಿಕ್ಕಿಕೊಂಡಿದೆ. ಹರಿಯದ ನೀರು ಕಾಯಿಲ್‌ನಲ್ಲೇ ಕುದಿಯುತ್ತದೆ. ಮೊದಲು ರೆಗ್ಯುಲೇಟರ್ ಆಫ್ ಮಾಡಿ, ಪಿನ್ ಮತ್ತು ಸೀಲ್ ರಿಪೇರಿಯಾಗುವವರೆಗೆ ಹೊತ್ತಿಸಬೇಡಿ. ಕೆಳಗಿನಿಂದ ನೀರು ತೊಟ್ಟಿಕ್ಕುವುದು ಇಷ್ಟು ಗಂಭೀರವಲ್ಲ, ವಾಷರ್ ಅಥವಾ ಸೀಲ್ ಸವೆದಿರುತ್ತದೆ. ಕಾಯಿಲ್ ಮೇಲೆ ಹಸಿರು ಕಲೆ ಕಂಡು ಅಲ್ಲಿಂದ ನೀರು ಬಂದರೆ ತಾಮ್ರವೇ ತೂತಾಗಿದೆ. ಬೆಸುಗೆ ಹಾಕಿದ್ದು ಇನ್ನೊಂದು ಚಳಿಗಾಲ ಬಾಳುವುದು ಅಪರೂಪ, ಕಾಯಿಲ್ ಬದಲಿಸಿ.

ಗ್ಯಾಸ್ ವಾಸನೆ ಬಂದರೆ ಲೈಟಿನ ಸ್ವಿಚ್ಚನ್ನು ಹಾಕಲೂ ಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ, ಅದು ಎಲ್‌ಪಿಜಿ ಸೋರಿಕೆಯ ತುರ್ತು ಸಂಖ್ಯೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ, ಮೋರಿಯಲ್ಲಿ ನಿಲ್ಲುತ್ತದೆ. ವಾಸನೆ ಹೋದ ಮೇಲೆ ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ನೋಡಿ, ಕಡ್ಡಿ ಗೀರಿ ಅಲ್ಲ. ರಬ್ಬರ್ ಸುರಕ್ಷಾ ಹೋಸ್‌ಗೆ ಆಯುಷ್ಯ 5 ವರ್ಷ. ಮೇಲೆ ಮುದ್ರಿಸಿದ ವರ್ಷ ನೋಡಿ ಬದಲಿಸಿ.

ಬಚ್ಚಲಿನಲ್ಲಿ ಯಾರಾದರೂ ಕರೆದರೂ ಓಗೊಡದಿದ್ದರೆ ಬಾಗಿಲು ಒಡೆದಾದರೂ ತೆರೆದು, ಗೀಜರ್ ಆರಿಸಿ, ಅವರನ್ನು ತೆರೆದ ಗಾಳಿಗೆ ತಂದು 108ಕ್ಕೆ ಕರೆ ಮಾಡಿ. ಗ್ಯಾಸ್ ಗೀಜರ್ ಉರಿಯುತ್ತಿತ್ತು ಎಂಬುದನ್ನು ವೈದ್ಯರಿಗೆ ಮರೆಯದೆ ಹೇಳಿ, ಚಿಕಿತ್ಸೆಯ ದಾರಿ ಅದರಿಂದ ಬದಲಾಗುತ್ತದೆ.

ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ "ಗೀಜರ್ ಕೆಟ್ಟೈತಿ" ಎಂದಷ್ಟೇ ಹೇಳಬೇಡಿ. ಟಕ್ ಕೇಳುತ್ತದೆಯೇ, ಕಿಡಿ ಹಾರುತ್ತದೆಯೇ, ಎಷ್ಟು ಸೆಕೆಂಡಿಗೆ ಆರುತ್ತದೆ, ಬಕೆಟ್ ಎಷ್ಟು ನಿಮಿಷಕ್ಕೆ ತುಂಬುತ್ತದೆ, ಉರಿಯ ಬಣ್ಣವೇನು, ಸೆಲ್ ಯಾವಾಗ ಹಾಕಿದ್ದು, ನೀರು ಬೋರಿನದೋ ಹೊಳೆಯದೋ ಎಂಬುದನ್ನೂ, ಮಾಡೆಲ್ ಹೆಸರನ್ನೂ ಹೇಳಿದರೆ ಬೇಕಾದ ಭಾಗವನ್ನು ಜೊತೆಗೇ ತರುತ್ತಾರೆ. ಕೆಲಸ ಮುಗಿಸಿದ ಮೇಲೆ ಹಳೆಯ ಭಾಗವನ್ನು ಕೇಳಿ ಪಡೆದು ನೋಡಿ. ಅವರು ಹೊರಡುವ ಮುನ್ನ ಜೋಡಣೆಗಳಿಗೆ ನಿಮ್ಮ ಎದುರೇ ಸಾಬೂನು ನೊರೆ ಹಚ್ಚಿಸಿ, ನಳ ತೆರೆದು ಮುಚ್ಚಿ ಐದಾರು ಸಲ ಹೊತ್ತಿಸಿ ತೋರಿಸಲು ಹೇಳಿ.